ಕಾರಿಗೆ ಫೋನ್ ಜೋಡಿಸುವ ಮುಂಚೆ: ಯಾವ ದಾರಿಯಲ್ಲಿ ನಿಮ್ಮ ಮಾಹಿತಿ ಯಾರ ಕೈ ಸೇರುತ್ತದೆ?

ಕಾರು ಬುಕ್ ಮಾಡಲು ಹೊರಟವರು ಈಗ ಮೈಲೇಜ್ ಕೇಳುವಷ್ಟೇ ಸಲ ಇದನ್ನೂ ಕೇಳುತ್ತಾರೆ. ‘ಕನೆಕ್ಟೆಡ್ ಫೀಚರ್ (ಕಾರಿನದೇ ಸಿಮ್, ಆ್ಯಪ್) ಇರುವ ಮೇಲಿನ ವೇರಿಯಂಟ್ ತಗೊಳ್ಳಲಾ? ಇಲ್ಲ, ಕೆಳಗಿನದು ತಗೊಂಡು ಹೊರಗಡೆ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಲಾ? ಫೋನನ್ನೇ ಸ್ಟ್ಯಾಂಡಿಗೆ ಸಿಕ್ಕಿಸಿಕೊಂಡು ಓಡಿಸಿದರೆ ಸಾಕಾಗಲ್ವಾ?’ ಹಿಂದೆಯೇ ಇನ್ನೊಂದು ಬರುತ್ತದೆ: ‘ಈ ಕಾರುಗಳು ನಾವು ಎಲ್ಲಿಗೆ ಹೋದೆವು ಅಂತ ಬರೆದಿಟ್ಟುಕೊಳ್ಳುತ್ತವಂತೆ, ನಿಜವಾ?’

ನಿಜ. ಆದರೆ ಎಲ್ಲ ದಾರಿಗಳಲ್ಲೂ ಒಂದೇ ಪ್ರಮಾಣದಲ್ಲಿ ಅಲ್ಲ. ಶೋರೂಮಿನಲ್ಲಿ ಸನ್‌ರೂಫ್ ತೋರಿಸುವ ಹುಡುಗ ಈ ವ್ಯತ್ಯಾಸ ಹೇಳುವುದಿಲ್ಲ. ಅವನಿಗೂ ಗೊತ್ತಿರುವುದಿಲ್ಲ, ಪಾಪ.

ಮೊದಲೇ ಒಂದು ಮಾತು. ಜೇಬಿನಲ್ಲಿ ಸ್ಮಾರ್ಟ್‌ಫೋನ್ ಇಟ್ಟುಕೊಂಡವರ ಓಡಾಟ ಗೂಗಲ್‌ಗೋ ಆ್ಯಪಲ್‌ಗೋ ಒಂದಷ್ಟು ಗೊತ್ತಾಗಿಯೇ ಇರುತ್ತದೆ. ಮೊಬೈಲ್ ಕಂಪನಿಗೆ ಯಾವ ಟವರ್ ಪಕ್ಕ ಇದ್ದಿರಿ ಅಂತ ಗೊತ್ತು. ಟೋಲ್ ದಾಟಿದರೆ ಫಾಸ್ಟ್ಯಾಗ್‌ನಲ್ಲಿ ಜಾಗವೂ ಸಮಯವೂ ದಾಖಲಾಗುತ್ತದೆ. ‘ಯಾರಿಗೂ ಏನೂ ಗೊತ್ತಾಗಬಾರದು’ ಅಂತ ಹಟ ಹಿಡಿದರೆ ಕೆಳಗಿನ ಯಾವ ಆಯ್ಕೆಯೂ ಪಾಸಾಗುವುದಿಲ್ಲ. ಹಾಗಾಗಿ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಈ ಆಯ್ಕೆಯಿಂದ ಹೊಸದಾಗಿ ಇನ್ನು ಯಾರ ಕೈಗೆ ನನ್ನ ಮಾಹಿತಿ ಹೋಗುತ್ತದೆ? ಅದಕ್ಕೆ ಬದಲಾಗಿ ನನಗೆ ಏನು ಸಿಗುತ್ತದೆ?

ಯಾವುದರಿಂದ ಅಳೆಯುವುದು

ಮೊದಲನೆಯ ಅಳತೆ ಅದೇ: ಹೊಸ ಪಾಲುದಾರರು ಎಷ್ಟು ಜನ. ಎರಡನೆಯದು, ಮಾಹಿತಿ ಎಲ್ಲಿ ಉಳಿಯುತ್ತದೆ. ಫೋನಿನಲ್ಲೇ ಉಳಿದರೆ ಒಂದು ಲೆಕ್ಕ, ಕಾರಿನ ಸ್ಕ್ರೀನಿನೊಳಗೆ ಉಳಿದರೆ ಇನ್ನೊಂದು, ಕಂಪನಿಯ ಸರ್ವರಿನಲ್ಲಿ ಉಳಿದರೆ ಮತ್ತೊಂದು. ಮೂರನೆಯದು, ಬೇಡ ಅನ್ನಿಸಿದಾಗ ನೀವೇ ಅಳಿಸಬಹುದಾ, ಇಲ್ಲ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ ಕಾಯಬೇಕಾ. ನಾಲ್ಕನೆಯದನ್ನು ಜಾಸ್ತಿ ಜನ ಮರೆಯುತ್ತಾರೆ: ಆ ಕಾರನ್ನು ನೀವೊಬ್ಬರೇ ಓಡಿಸುತ್ತೀರಾ? ಮನೆಯವರು, ಡ್ರೈವರ್, ಸರ್ವಿಸ್ ಸೆಂಟರಿನವರು, ಹೋಟೆಲ್ ಮುಂದೆ ಪಾರ್ಕ್ ಮಾಡಿಕೊಡುವವರು ಎಲ್ಲರೂ ಅದೇ ಸ್ಕ್ರೀನ್ ಮುಂದೆ ಕೂರುತ್ತಾರೆ. ಐದನೆಯದು ದುಡ್ಡು, ಅಂದರೆ ಇವತ್ತು ಕೊಡುವುದು ಮತ್ತು ಉಚಿತ ಅವಧಿ ಮುಗಿದ ಮೇಲೆ ವರ್ಷ ವರ್ಷ ಕೊಡುವುದು.

ಇದೆಲ್ಲದರ ಮೇಲೆ ಸುರಕ್ಷತೆ ಇದೆ. ಮಾಹಿತಿ ಉಳಿಸಲು ಹೋಗಿ ಹೈವೇಯಲ್ಲಿ ಫೋನ್ ಕೈಯಲ್ಲಿ ಹಿಡಿದು ಮ್ಯಾಪ್ ನೋಡುವುದು ಬುದ್ಧಿವಂತಿಕೆ ಅಲ್ಲ. ನಮ್ಮ ಮೋಟಾರು ವಾಹನ ನಿಯಮಗಳಿಗೆ 2020ರಲ್ಲಿ ಆದ ತಿದ್ದುಪಡಿಯ ಪ್ರಕಾರ ಓಡಿಸುವಾಗ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ ಬಳಸಬಹುದು. ಅದೂ ಗಮನ ತಪ್ಪದ ಹಾಗೆ.

ಹೆದರಬೇಕಾದದ್ದು ಯಾವುದಕ್ಕೆ

ಕಾರಿನ ಮಾಹಿತಿ ಅಂದ ಕೂಡಲೇ ದೂರದಲ್ಲಿ ಕೂತ ಹ್ಯಾಕರ್ ಬ್ರೇಕ್ ಒತ್ತುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಅದೂ ಸುಳ್ಳಲ್ಲ. 2015ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪ್ ಚೆರೋಕಿಯನ್ನು ಇಂಟರ್‌ನೆಟ್ ಮೂಲಕ ಹಿಡಿತಕ್ಕೆ ತಗೊಂಡು ತೋರಿಸಿದರು. ಕಂಪನಿ 14 ಲಕ್ಷ ವಾಹನಗಳನ್ನು ರಿಪೇರಿಗೆ ವಾಪಸ್ ಕರೆಯಿತು. ಆದರೆ ದಿನನಿತ್ಯ ನಡೆಯುವ ಸೋರಿಕೆ ಇಷ್ಟು ನಾಟಕೀಯ ಅಲ್ಲ.

ಜನರಲ್ ಮೋಟಾರ್ಸ್ ಕಥೆ ನೋಡಿ. ಅಮೆರಿಕದಲ್ಲಿ ಅದರ ಕಾರುಗಳು ಜೋರಾಗಿ ಬ್ರೇಕ್ ಹಾಕಿದ್ದು, ಅತಿ ವೇಗದಲ್ಲಿ ಹೋದದ್ದು, ತಡರಾತ್ರಿ ಓಡಿಸಿದ್ದು ಎಲ್ಲವನ್ನೂ ದಾಖಲಿಸಿ, ಇನ್ಶೂರೆನ್ಸ್ ಕಂಪನಿಗಳಿಗೆ ವರದಿ ಮಾರುವ ಸಂಸ್ಥೆಗಳಿಗೆ ಕೊಡುತ್ತಿದ್ದವು ಅನ್ನುವುದು 2024ರಲ್ಲಿ ಬಯಲಾಯಿತು. ಕೆಲವರಿಗೆ ಪ್ರೀಮಿಯಂ ಯಾಕೆ ಏರಿತು ಅಂತ ಆಗ ಅರ್ಥವಾಯಿತು. ಗ್ರಾಹಕರ ಹಿತ ಕಾಯುವ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಕ್ರಮಕ್ಕೆ ಇಳಿಯಿತು. ಇಂಥ ಸಂಸ್ಥೆಗಳಿಗೆ ಐದು ವರ್ಷ ಮಾಹಿತಿ ಕೊಡುವ ಹಾಗಿಲ್ಲ ಅಂದಿತು. ಅಮೆರಿಕದಲ್ಲಿ ಕಾರು ಇಟ್ಟುಕೊಂಡ ನಮ್ಮವರು ಒಂದು ಕೆಲಸ ಮಾಡಬಹುದು. ಅಂಥ ವರದಿ ಮಾರುವ ಲೆಕ್ಸಿಸ್‌ನೆಕ್ಸಿಸ್ ಸಂಸ್ಥೆಯಿಂದ ತಮ್ಮ ಬಗ್ಗೆ ಇರುವ ವರದಿಯನ್ನು ಉಚಿತವಾಗಿ ತರಿಸಿ ನೋಡಬಹುದು.

ಇನ್ನೊಂದು ಬಗೆ, ಯಾರೂ ಕದಿಯದೆಯೇ ಬಾಗಿಲು ತೆರೆದು ಬಿಟ್ಟಿರುವುದು. ಜಪಾನಿನಲ್ಲಿ ಟೊಯೊಟಾ ತನ್ನ ಸುಮಾರು 21.5 ಲಕ್ಷ ಗ್ರಾಹಕರ ವಾಹನ ಮಾಹಿತಿ ಹತ್ತು ವರ್ಷ ಕಾಲ ಹೊರಗಿನವರಿಗೆ ಸಿಗುವಂತೆ ಇತ್ತು ಅಂತ 2023ರಲ್ಲಿ ಒಪ್ಪಿಕೊಂಡಿತು. ಕಾರಣ ಕ್ಲೌಡ್ ಸೆಟ್ಟಿಂಗ್ ತಪ್ಪು. ಫೋಕ್ಸ್‌ವ್ಯಾಗನ್ ಗುಂಪಿನ ಸುಮಾರು 8 ಲಕ್ಷ ಎಲೆಕ್ಟ್ರಿಕ್ ಕಾರುಗಳ ಮಾಹಿತಿ ಹೀಗೇ ಬಯಲಲ್ಲಿ ಬಿದ್ದಿತ್ತು ಅಂತ 2024ರ ಕೊನೆಯಲ್ಲಿ ಗೊತ್ತಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾರುಗಳು ಎಲ್ಲಿ ನಿಂತಿದ್ದವು ಅನ್ನುವುದು ಕೂಡ ನಿಖರವಾಗಿ ಗೊತ್ತಾಗುತ್ತಿತ್ತು. ನಮ್ಮ ಊರಿನ ಪಕ್ಕಕ್ಕೇ ಬಂದರೆ, ಬಿಡದಿಯಲ್ಲಿ ಕಾರು ತಯಾರಿಸುವ ಟೊಯೊಟಾ ಕಿರ್ಲೋಸ್ಕರ್ 2023ರ ಜನವರಿ 1ರಂದು ಕೆಲವು ಗ್ರಾಹಕರ ವೈಯಕ್ತಿಕ ಮಾಹಿತಿ ಹೊರಬಿದ್ದಿರಬಹುದು ಅಂತ ತಿಳಿಸಿತು. ಹ್ಯುಂಡೈ ಇಂಡಿಯಾದ ವ್ಯವಸ್ಥೆಯಲ್ಲಿ ಹೆಸರು, ವಿಳಾಸ, ಗಾಡಿ ನಂಬರ್ ಕಾಣುವಂತಿದ್ದ ದೋಷವೊಂದನ್ನು ಸರಿಪಡಿಸಿದ ಸುದ್ದಿ 2024ರಲ್ಲಿ ಬಂತು.

ಇವುಗಳಲ್ಲಿ ಯಾವುದರಲ್ಲೂ ಗ್ರಾಹಕರು ತಪ್ಪು ಮಾಡಿರಲಿಲ್ಲ. ಪಾಸ್‌ವರ್ಡ್ ಗಟ್ಟಿ ಇಟ್ಟಿದ್ದರೂ ಹೀಗೇ ಆಗುತ್ತಿತ್ತು. ಅದಕ್ಕೇ ‘ಎಷ್ಟು ಜನರ ಸರ್ವರಿನಲ್ಲಿ ನಾನಿದ್ದೇನೆ’ ಅನ್ನುವ ಎಣಿಕೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಫೋನ್ ಸ್ಟ್ಯಾಂಡ್

ಕೆಲವು ನೂರು ರೂಪಾಯಿಯ ಸ್ಟ್ಯಾಂಡ್, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ ಚಾರ್ಜರ್. ಮುಗಿಯಿತು. ಕಾರಿಗೆ ನಿಮ್ಮ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಹೊಸ ಪಾಲುದಾರರು ಸೊನ್ನೆ. ಕಾರು ಮಾರಿದಾಗ ಅಳಿಸುವುದಕ್ಕೂ ಏನಿಲ್ಲ.

ತೊಂದರೆ ಇರುವುದು ಬಳಕೆಯಲ್ಲಿ. ಸ್ಕ್ರೀನ್ ಚಿಕ್ಕದು. ಚಿತ್ರದುರ್ಗದ ಕಡೆ ಮಧ್ಯಾಹ್ನದ ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ಫೋನ್ ಕಾದು ತಾನೇ ಮಂಕಾಗುತ್ತದೆ. ವಾಟ್ಸ್ಯಾಪ್ ಮೆಸೇಜ್ ಬಂದಾಗ ಮ್ಯಾಪ್ ಮೇಲೆ ಕಾಣಿಸಿಕೊಳ್ಳುತ್ತದೆ, ಬೆರಳು ತಾನಾಗಿ ಅತ್ತ ಹೋಗುತ್ತದೆ. ಸ್ಟ್ಯಾಂಡ್ ಬಳಸುವವರು ‘ಡ್ರೈವಿಂಗ್’ ಮೋಡ್ ಹಾಕಿಕೊಳ್ಳಲೇಬೇಕು. ದಿನಕ್ಕೆ ಊರೊಳಗೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸುವವರಿಗೆ, ಹಳೇ ಕಾರು ಇರುವವರಿಗೆ ಇದು ಧಾರಾಳವಾಗಿ ಸಾಕು. ಇದನ್ನು ‘ಬಡವರ ಆಯ್ಕೆ’ ಅಂತ ಮೂಗು ಮುರಿಯುವುದು ಸರಿಯಲ್ಲ.

ಬರೀ ಬ್ಲೂಟೂತ್

ಇದು ನಿರಪಾಯಕಾರಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅತಿ ಹೆಚ್ಚು ಜನ ಮೈಮರೆಯುವ ಜಾಗ ಇದು.

ಮೊದಲ ಸಲ ಜೋಡಿಸುವಾಗ ಫೋನ್ ಒಂದು ಪ್ರಶ್ನೆ ಕೇಳುತ್ತದೆ: ಕಾಂಟ್ಯಾಕ್ಟ್‌ಗಳನ್ನೂ ಕರೆಗಳ ಪಟ್ಟಿಯನ್ನೂ ಈ ಸಾಧನಕ್ಕೆ ಕೊಡಲಾ? ಹಾಡು ಕೇಳುವ ಆತುರದಲ್ಲಿ ನಾವು ಸುಮ್ನೆ ‘ಅನುಮತಿಸಿ’ ಒತ್ತುತ್ತೇವೆ. ಆ ಕ್ಷಣದಲ್ಲಿ ನಿಮ್ಮ ಫೋನ್ ಬುಕ್ ಪೂರ್ತಿ ಕಾರಿನ ಸ್ಟೀರಿಯೋದ ಮೆಮೊರಿಗೆ ನಕಲಾಗುತ್ತದೆ. ಕೆಲವು ಕಾರುಗಳಲ್ಲಿ ಮೆಸೇಜ್‌ಗಳೂ ಹೋಗುತ್ತವೆ. ಫೋನ್ ದೂರ ಹೋದರೂ ಕೆಲವು ಸ್ಟೀರಿಯೋಗಳಲ್ಲಿ ಆ ನಕಲು ಹಾಗೇ ಉಳಿಯುತ್ತದೆ. ಬಾಡಿಗೆಗೆ ತಂದ ಸೆಲ್ಫ್ ಡ್ರೈವ್ ಕಾರಿನ ಸ್ಕ್ರೀನ್ ತೆರೆದು ನೋಡಿ. ಹಿಂದೆ ಓಡಿಸಿದವರ ಫೋನ್‌ಗಳ ಸಾಲು ಕಾಣುತ್ತದೆ. ಬಾಡಿಗೆ ಮನೆ ಬಿಡುವಾಗ ಗೋಡೆ ಮೇಲೆ ನೆಂಟರಿಷ್ಟರ ನಂಬರ್ ಬರೆದಿಟ್ಟು ಹೋದ ಹಾಗೆ.

ಪರಿಹಾರ ಸುಲಭ. ‘ಬೇಡ’ ಅಂದರೂ ಹಾಡು ಬರುತ್ತದೆ, ಕರೆ ಬರುತ್ತದೆ. ಕರೆ ಬಂದಾಗ ಹೆಸರಿನ ಬದಲು ನಂಬರ್ ಕಾಣಬಹುದು, ಅಷ್ಟೇ. ಈಗಾಗಲೇ ಕೊಟ್ಟಿದ್ದರೆ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕಾರಿನ ಹೆಸರಿನ ಪಕ್ಕದ ಗುರುತು ಒತ್ತಿ. ಅಲ್ಲಿ ಕಾಂಟ್ಯಾಕ್ಟ್ ಹಂಚುವ ಸ್ವಿಚ್ ಇರುತ್ತದೆ, ಆಫ್ ಮಾಡಿ. ಐಫೋನಿನಲ್ಲೂ ಇದೇ ಜಾಗ. ಆಮೇಲೆ ಕಾರಿನ ಕಡೆಯಿಂದಲೂ ಆ ಫೋನನ್ನು ಅಳಿಸಿ, ಮತ್ತೆ ಜೋಡಿಸಿ.

ಹೀಗೆ ಮಾಡಿಕೊಂಡರೆ ಬ್ಲೂಟೂತ್ ಒಳ್ಳೆಯ ಆಯ್ಕೆ. ಸಿಮ್ ಇಲ್ಲದ ಸಾಮಾನ್ಯ ಸ್ಟೀರಿಯೋದಿಂದ ಮಾಹಿತಿ ಯಾವ ಸರ್ವರಿಗೂ ಹೋಗುವುದಿಲ್ಲ. ಅಪಾಯ ಇರುವುದು ಕಾರಿನೊಳಗೆ ಕೂರುವವರಿಂದ ಮಾತ್ರ.

ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ

ಗೂಗಲ್‌ನ ಆಂಡ್ರಾಯ್ಡ್ ಆಟೋ, ಆ್ಯಪಲ್‌ನ ಕಾರ್‌ಪ್ಲೇ ಎರಡೂ ಫೋನಿನ ಆ್ಯಪ್‌ಗಳನ್ನು ಕಾರಿನ ಸ್ಕ್ರೀನಿನಲ್ಲಿ ತೋರಿಸುತ್ತವೆ. ಇಲ್ಲಿ ಕಾರಿನ ಸ್ಕ್ರೀನ್ ಒಂದು ಕನ್ನಡಿ. ಮ್ಯಾಪ್ ಓಡುವುದು, ಹಾಡು ಹುಡುಕುವುದು, ಮೆಸೇಜ್ ಓದುವುದು ಎಲ್ಲ ಫೋನಿನೊಳಗೆ. ಕಾರಿಗೆ ಬರುವುದು ಹೆಚ್ಚಾಗಿ ಚಿತ್ರ ಮತ್ತು ಧ್ವನಿ. ಕೇಬಲ್ ಕಿತ್ತರೆ ಪರದೆ ಖಾಲಿ. ‘ಮನೆ’, ‘ಆಫೀಸ್’ ಅಂತ ಉಳಿಸಿದ ವಿಳಾಸಗಳು ಕಾರಿನ ಮ್ಯಾಪ್‌ನಲ್ಲಿ ಅಲ್ಲ, ನಿಮ್ಮ ಫೋನಿನಲ್ಲೇ ಇರುತ್ತವೆ.

ಅಂದರೆ ಗೂಗಲ್‌ಗೆ ಅಥವಾ ಆ್ಯಪಲ್‌ಗೆ ಗೊತ್ತಿದ್ದದ್ದು ಗೊತ್ತಾಗುತ್ತಲೇ ಇರುತ್ತದೆ, ಹೊಸಬರು ಜಾಸ್ತಿ ಸೇರುವುದಿಲ್ಲ. ಈ ಒಂದೇ ಕಾರಣಕ್ಕೆ ಬಹುಪಾಲು ಓದುಗರಿಗೆ ನಾನು ಹೇಳುವ ಆಯ್ಕೆ ಇದು. ಕಾರು ಕಂಪನಿಗಳಿಗೂ ಇದರ ಅರಿವಿದೆ. ಜನರಲ್ ಮೋಟಾರ್ಸ್ ತನ್ನ ಹೊಸ ಎಲೆಕ್ಟ್ರಿಕ್ ಕಾರುಗಳಿಂದ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಎರಡನ್ನೂ ತೆಗೆಯುತ್ತೇವೆ ಅಂತ 2023ರಲ್ಲಿ ಹೇಳಿತು. ಗ್ರಾಹಕರು ಕನ್ನಡಿ ನೋಡುತ್ತಾ ಕೂತರೆ ಕಂಪನಿಯ ಸ್ವಂತ ಸಿಸ್ಟಂ ಕಡೆ ತಿರುಗುವವರು ಯಾರು?

ಎರಡು ಎಚ್ಚರಿಕೆ. ಇದರ ಜೊತೆಗೆ ಕರೆಗಳಿಗಾಗಿ ಬ್ಲೂಟೂತ್ ಕೂಡ ಜೋಡಿಯಾಗುತ್ತದೆ. ಹಾಗಾಗಿ ಮೇಲೆ ಹೇಳಿದ ಕಾಂಟ್ಯಾಕ್ಟ್ ಪ್ರಶ್ನೆ ಇಲ್ಲೂ ಬರುತ್ತದೆ. ಇನ್ನೊಂದು, ಮೆಸೇಜ್‌ಗಳು ದೊಡ್ಡ ಪರದೆಯ ಮೇಲೆ ಬರುತ್ತವೆ, ಜೋರಾಗಿ ಓದಿಸಿಕೊಳ್ಳುತ್ತವೆ. ಪಕ್ಕದಲ್ಲಿ ಬಾಸ್ ಕೂತಿರುವಾಗ ಇದು ಮುಜುಗರ. ಸೆಟ್ಟಿಂಗ್‌ನಲ್ಲಿ ನೋಟಿಫಿಕೇಶನ್ ತೋರಿಸಬೇಡ ಅಂತ ಹೇಳಬಹುದು.

ಕೇಬಲ್ಲೋ ವೈರ್‌ಲೆಸ್ಸೋ ಅನ್ನುವುದು ಮಾಹಿತಿಯ ದೃಷ್ಟಿಯಿಂದ ದೊಡ್ಡ ವಿಷಯವಲ್ಲ. ಕಾರಿನಲ್ಲೇ ವೈರ್‌ಲೆಸ್ ಇದ್ದರೆ ಬಳಸಿ. ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ಸಿಗುವ ಹೆಸರಿಲ್ಲದ ವೈರ್‌ಲೆಸ್ ಡಬ್ಬಿ ಕೊಳ್ಳುವುದಕ್ಕಿಂತ ಒಂದು ಒಳ್ಳೆಯ ಕೇಬಲ್ ಮೇಲು. ಆ ಡಬ್ಬಿಯೂ ನಿಮಗೂ ಕಾರಿಗೂ ನಡುವೆ ಕೂರುವ ಇನ್ನೊಂದು ಕಂಪ್ಯೂಟರ್. ಅದಕ್ಕೇ ಸಿಮ್ ಹಾಕಿ ಯೂಟ್ಯೂಬ್ ನೋಡಬಹುದು ಅನ್ನುವ ‘ಎಐ ಬಾಕ್ಸ್’ಗಳ ಮಾತು ಮುಂದೆ ಬರುವ ಸ್ಟೀರಿಯೋದ ಮಾತೇ.

ಕೆಲವು ಕಾರುಗಳಲ್ಲಿ ಗೂಗಲ್ ಕಾರಿನೊಳಗೇ ಇರುತ್ತದೆ. ಹೊಸಕೋಟೆಯಲ್ಲಿ ಜೋಡಣೆಯಾಗಿ ಬಂದ ವೋಲ್ವೊ ಎಕ್ಸ್‌ಸಿ40 ರೀಚಾರ್ಜ್ ಹೀಗೆ. ಅದು ಕನ್ನಡಿಯಲ್ಲ. ಅಲ್ಲಿ ನಿಮ್ಮ ಗೂಗಲ್ ಖಾತೆ ಕಾರಿನಲ್ಲೇ ಲಾಗಿನ್ ಆಗಿ ಉಳಿಯುತ್ತದೆ. ಫೋನ್ ಮನೆಯಲ್ಲಿ ಬಿಟ್ಟು ಬೇರೆಯವರು ಕಾರು ಒಯ್ದರೂ ಅಷ್ಟೇ. ಅಂಥ ಕಾರಿನಲ್ಲಿ ಗೆಸ್ಟ್ ಪ್ರೊಫೈಲ್ ಮಾಡಿಟ್ಟು, ನಿಮ್ಮ ಪ್ರೊಫೈಲಿಗೆ ಪಿನ್ ಹಾಕಿ.

ಕಾರಿನದೇ ಸಿಮ್, ಕಾರಿನದೇ ಆ್ಯಪ್

2019ರಲ್ಲಿ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್ ಬಂದಾಗ ಒಳಗೇ ಸಿಮ್ ಇರುವ ಕಾರು ನಮಗೆ ಹೊಸತು. ಈಗ ಹ್ಯುಂಡೈನ ಬ್ಲೂಲಿಂಕ್, ಕಿಯಾ ಕನೆಕ್ಟ್, ಎಂಜಿಯ ಐ-ಸ್ಮಾರ್ಟ್, ಟಾಟಾದ ಐರಾ, ಮಹೀಂದ್ರದ ಅಡ್ರಿನಾಕ್ಸ್, ಸುಝುಕಿ ಕನೆಕ್ಟ್ ಹೀಗೆ ಪ್ರತಿ ಕಂಪನಿಗೂ ಒಂದಿದೆ.

ಇದರಿಂದ ಸಿಗುವುದು ಕಡಿಮೆಯೇನಲ್ಲ. ಕಾರು ಕಳುವಾದರೆ ಎಲ್ಲಿದೆ ಅಂತ ನೋಡಬಹುದು. ಅಪಘಾತವಾಗಿ ಏರ್‌ಬ್ಯಾಗ್ ತೆರೆದರೆ ಕೆಲವು ಕಾರುಗಳು ತಾವೇ ಸಹಾಯಕ್ಕೆ ಕರೆ ಹಚ್ಚುತ್ತವೆ. ರಾತ್ರಿ ಶಿರಾಡಿ ಘಾಟಿನಲ್ಲಿ ಒಬ್ಬರೇ ಇಳಿಯುವವರಿಗೆ ಎಸ್‌ಓಎಸ್ ಬಟನ್ ಒಂದು ಧೈರ್ಯ, ನೆಟ್‌ವರ್ಕ್ ಇದ್ದರೆ. ಎಲೆಕ್ಟ್ರಿಕ್ ಕಾರಾದರೆ ಚಾರ್ಜ್ ಎಷ್ಟಾಯಿತು ಅಂತ ಮನೆಯೊಳಗಿಂದ ನೋಡುವುದು ಐಷಾರಾಮವಲ್ಲ, ದಿನದ ಅಗತ್ಯ. ಸಾಫ್ಟ್‌ವೇರ್ ದೋಷಗಳ ರಿಪೇರಿಯೂ ಗಾಳಿಯಲ್ಲೇ ಬರುತ್ತದೆ.

ಇದರ ಬೆಲೆ? ಕಾರು ಎಲ್ಲಿದೆ, ಎಷ್ಟು ಹೊತ್ತಿಗೆ ಸ್ಟಾರ್ಟ್ ಆಯಿತು, ಎಷ್ಟು ವೇಗ, ಬ್ರೇಕ್ ಹೇಗೆ ಹಾಕಿದಿರಿ ಎಲ್ಲವೂ ತಯಾರಕರ ಸರ್ವರಿಗೆ ಹೋಗುತ್ತದೆ. ಫೈರ್‌ಫಾಕ್ಸ್ ಬ್ರೌಸರ್‌ನ ಹಿಂದಿರುವ ಮೊಜಿಲ್ಲಾ ಫೌಂಡೇಶನ್ 2023ರಲ್ಲಿ 25 ಕಾರು ಬ್ರ್ಯಾಂಡ್‌ಗಳ ಖಾಸಗಿತನದ ನೀತಿಗಳನ್ನು ಓದಿ ನೋಡಿತು. ಒಂದೂ ಪಾಸಾಗಲಿಲ್ಲ. ಅದು ಮುಖ್ಯವಾಗಿ ಅಮೆರಿಕ, ಯೂರೋಪಿನ ನೀತಿಗಳ ಮೇಲೆ ಮಾಡಿದ ಪರಿಶೀಲನೆ. ನಮ್ಮ ದೇಶದ ನೀತಿ ಬೇರೆ ಇರಬಹುದು. ಆದರೂ ಬ್ರ್ಯಾಂಡ್‌ಗಳು ಅವೇ.

ಸಂಶೋಧಕರು 2025ರ ಜನವರಿಯಲ್ಲಿ ತಿಳಿಸಿದ ಸುಬಾರು ಪ್ರಕರಣ ಇನ್ನೂ ಸ್ಪಷ್ಟ. ಕಂಪನಿಯ ನೌಕರರು ಬಳಸುವ ಪೋರ್ಟಲ್‌ನಲ್ಲಿದ್ದ ದೋಷದಿಂದ ಅಮೆರಿಕದ ಒಂದು ಕಾರಿನ ಇಡೀ ವರ್ಷದ ಓಡಾಟ ಅವರಿಗೆ ಸಿಕ್ಕಿತು. ಕಂಪನಿ ದೋಷವನ್ನು ಬೇಗ ಮುಚ್ಚಿತು. ಆದರೆ ನನಗೆ ತಟ್ಟಿದ್ದು ದೋಷ ಅಲ್ಲ. ಒಂದು ವರ್ಷದ ಓಡಾಟವನ್ನು ಯಾಕಾದರೂ ಇಟ್ಟುಕೊಂಡಿದ್ದರು?

ಇನ್ನೊಂದು ಮಾತು ಮನೆಯೊಳಗಿನದು. ಆ್ಯಪ್ ಯಾರ ನಂಬರಿನಲ್ಲಿ ನೋಂದಣಿಯಾಗಿದೆಯೋ ಅವರಿಗೆ ಕಾರು ಎಲ್ಲಿದೆ ಅಂತ ಸದಾ ಕಾಣುತ್ತದೆ. ನಮ್ಮಲ್ಲಿ ಕಾರು ಗಂಡನ ಹೆಸರಿನಲ್ಲಿ, ಓಡಿಸುವುದು ಹೆಂಡತಿ. ಅಥವಾ ಅಪ್ಪನ ಹೆಸರಿನಲ್ಲಿ, ಓಡಿಸುವುದು ಮಗಳು. ಜಿಯೋಫೆನ್ಸ್ ಅಂತ ಒಂದು ಫೀಚರ್ ಇದೆ, ಗೆರೆ ದಾಟಿದರೆ ಫೋನಿಗೆ ಅಲರ್ಟ್ ಬರುತ್ತದೆ. ಡ್ರೈವರ್ ಮೇಲೆ ಇಡುವ ಕಣ್ಣು ಮನೆಯವರ ಮೇಲೂ ಬೀಳುತ್ತದೆ. ಇದು ಕಾಳಜಿಯೋ ಕಾವಲೋ ಅನ್ನುವುದನ್ನು ಕಾರು ಓಡಿಸುವವರನ್ನು ಕೇಳಿ ತೀರ್ಮಾನಿಸಬೇಕು. ಇಬ್ಬರಿಗೂ ಗೊತ್ತಿರಲಿ, ಇಬ್ಬರೂ ಒಪ್ಪಿರಲಿ.

ದುಡ್ಡಿನ ವಿಷಯಕ್ಕೆ ಬಂದರೆ, ಬಹುತೇಕ ಕಂಪನಿಗಳು ಮೊದಲ ಕೆಲವು ವರ್ಷ ಉಚಿತ ಕೊಟ್ಟು ಆಮೇಲೆ ಚಂದಾ ಕೇಳುತ್ತವೆ. ಬುಕ್ ಮಾಡುವಾಗಲೇ ಎರಡು ಪ್ರಶ್ನೆ ಕೇಳಿ. ಉಚಿತ ಎಷ್ಟು ವರ್ಷ? ಚಂದಾ ನಿಲ್ಲಿಸಿದ ಮೇಲೆ ಕಾರು ಮಾಹಿತಿ ಕಳಿಸುವುದನ್ನೂ ನಿಲ್ಲಿಸುತ್ತದಾ, ಇಲ್ಲ ನಿಮಗೆ ತೋರಿಸುವುದನ್ನು ಮಾತ್ರ ನಿಲ್ಲಿಸುತ್ತದಾ? ಎರಡನೆಯದಕ್ಕೆ ಉತ್ತರ ಬರೆದು ಕೊಡಿ ಅನ್ನಿ. ಮುಖಭಾವ ನೋಡುವ ಹಾಗಿರುತ್ತದೆ. ಇನ್ನೊಂದು ವಿಷಯ, ಕಾರು ಡೆಲಿವರಿ ದಿನ ಶೋರೂಮಿನವರೇ ನಿಮ್ಮ ಫೋನ್ ಇಸಿದುಕೊಂಡು ಆ್ಯಪ್ ಹಾಕಿ ಎಲ್ಲದಕ್ಕೂ ‘ಸರಿ’ ಒತ್ತಿಬಿಡುತ್ತಾರೆ. ಫೋನ್ ಕೊಡಬೇಡಿ. ಮನೆಗೆ ಬಂದು ನೀವೇ ಮಾಡಿ. ‘ಮಾರ್ಕೆಟಿಂಗ್’, ‘ಪಾಲುದಾರ ಸಂಸ್ಥೆಗಳು’ ಅನ್ನುವ ಸಾಲು ಕಂಡರೆ ಟಿಕ್ ತೆಗೆಯಿರಿ. ಆ್ಯಪ್‌ಗೆ ಲೊಕೇಶನ್ ಅನುಮತಿ ‘ಬಳಸುವಾಗ ಮಾತ್ರ’ ಅಂತಿರಲಿ. ಕಾರಿಗೆ ಅದರದೇ ಜಿಪಿಎಸ್ ಇದೆ. ನಿಮ್ಮ ಫೋನಿನದು ಸದಾ ಯಾಕೆ ಬೇಕು?

ಅಂದ ಹಾಗೆ ಇದು ಕಾರಿನವರ ಕಥೆ ಮಾತ್ರ ಅಲ್ಲ. ಬೆಂಗಳೂರಿನ ಏಥರ್, ಓಲಾ ಸ್ಕೂಟರ್‌ಗಳೂ ಆ್ಯಪ್‌ನೊಂದಿಗೇ ಬರುತ್ತವೆ. ಲೆಕ್ಕಾಚಾರ ಇದೇ.

ಹೊರಗೆ ಹಾಕಿಸುವ ಆಂಡ್ರಾಯ್ಡ್ ಸ್ಟೀರಿಯೋ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಅಂಗಡಿಗೊಂದು ದೊಡ್ಡ ಪರದೆ ಹೊಳೆಯುತ್ತದೆ. ಕಡಿಮೆ ದುಡ್ಡು, ಒಂಬತ್ತು ಇಂಚು, ಪ್ಲೇ ಸ್ಟೋರ್, ಯೂಟ್ಯೂಬ್, ಕ್ಯಾಮೆರಾ. ಆಸೆಯಾಗುವುದು ಸಹಜ.

ಮಾಹಿತಿಯ ದೃಷ್ಟಿಯಿಂದ ಈ ಪಟ್ಟಿಯಲ್ಲಿ ನಾನು ಬೇಡ ಅನ್ನುವುದು ಇದೊಂದನ್ನೇ. ಪ್ರಸಿದ್ಧ ಕಂಪನಿಯ, ಕಾರ್‌ಪ್ಲೇ–ಆಂಡ್ರಾಯ್ಡ್ ಆಟೋ ಕನ್ನಡಿ ಮಾತ್ರ ಇರುವ ಸ್ಟೀರಿಯೋ ಬಗ್ಗೆ ಇದನ್ನು ಹೇಳುತ್ತಿಲ್ಲ. ತಾನೇ ಒಂದು ಟ್ಯಾಬ್ಲೆಟ್ ಆಗಿರುವ, ಗೂಗಲ್‌ನ ಪ್ರಮಾಣೀಕರಣ ಇಲ್ಲದ ಅಗ್ಗದ ಸ್ಟೀರಿಯೋ ಬಗ್ಗೆ. ಅದಕ್ಕೆ ಸಾಫ್ಟ್‌ವೇರ್ ಅಪ್‌ಡೇಟ್ ಬರುವುದು ಅಪರೂಪ. ತಯಾರಿಸಿದವರು ಯಾರು ಅನ್ನುವುದೇ ಬಾಕ್ಸ್ ಮೇಲೆ ಸ್ಪಷ್ಟವಿರುವುದಿಲ್ಲ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ‘ಬ್ಯಾಡ್‌ಬಾಕ್ಸ್ 2.0’ ಅನ್ನುವ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಬಗ್ಗೆ ಎಚ್ಚರಿಕೆ ಕೊಟ್ಟಿತು. ಟಿವಿ ಬಾಕ್ಸ್, ಪ್ರೊಜೆಕ್ಟರ್‌ಗಳ ಜೊತೆಗೆ ಹೊರಗೆ ಕೊಂಡು ಕಾರಿಗೆ ಹಾಕಿಸುವ ಇನ್ಫೋಟೈನ್‌ಮೆಂಟ್ ಸಾಧನಗಳ ಹೆಸರೂ ಆ ಪಟ್ಟಿಯಲ್ಲಿತ್ತು. ಕೆಲವು ಸಾಧನಗಳಲ್ಲಿ ಮಾಲ್‌ವೇರ್ ನೀವು ಕೊಳ್ಳುವ ಮುಂಚೆಯೇ ಕೂತಿರುತ್ತದೆ.

ಈಗಾಗಲೇ ಹಾಕಿಸಿದ್ದರೆ ಕಿತ್ತು ಎಸೆಯಬೇಕಿಲ್ಲ. ಅದರಲ್ಲಿ ನಿಮ್ಮ ಮುಖ್ಯ ಗೂಗಲ್ ಖಾತೆ ಹಾಕಬೇಡಿ. ಬ್ಯಾಂಕ್, ಯುಪಿಐ ಆ್ಯಪ್‌ಗಳ ಮಾತೇ ಬೇಡ. ಸಿಮ್ ಹಾಕಬೇಡಿ, ಹಾಟ್‌ಸ್ಪಾಟ್ ಕೊಡಬೇಡಿ. ನೆಟ್ ಇಲ್ಲದಿದ್ದರೆ ಅದು ದೊಡ್ಡ ಪರದೆಯ ಬ್ಲೂಟೂತ್ ಸ್ಟೀರಿಯೋ ಅಷ್ಟೇ.

ಇನ್ಶೂರೆನ್ಸ್‌ನ ಡಬ್ಬಿ

ಸ್ಟೀರಿಂಗ್ ಕೆಳಗೆ, ಕಾರಿನ ದೋಷ ಪತ್ತೆಗೆ ಮೆಕ್ಯಾನಿಕ್ ಬಳಸುವ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಸಾಧನ ಅಥವಾ ಆ್ಯಪ್ ಮೂಲಕ, ಓಡಿಸಿದಷ್ಟಕ್ಕೆ ಪ್ರೀಮಿಯಂ ಅನ್ನುವ ಯೋಜನೆಗಳಿವೆ. ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2022ರ ಜುಲೈನಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟಿತು. ಇದರಲ್ಲಿ ಎರಡು ಬಗೆ. ಎಷ್ಟು ಓಡಿಸಿದಿರಿ ಅನ್ನುವುದರ ಮೇಲೆ ಒಂದು, ಹೇಗೆ ಓಡಿಸಿದಿರಿ ಅನ್ನುವುದರ ಮೇಲೆ ಇನ್ನೊಂದು. ವರ್ಕ್ ಫ್ರಂ ಹೋಮ್ ಇದ್ದು ವಾರಕ್ಕೊಮ್ಮೆ ಕಾರು ತೆಗೆಯುವವರಿಗೆ ಮೊದಲನೆಯದರಲ್ಲಿ ಲಾಭ ಇದೆ. ಓಡೋಮೀಟರ್ ಫೋಟೋ ಕೊಟ್ಟರೆ ಸಾಕು ಅನ್ನುವ ಪಾಲಿಸಿ ಸಿಕ್ಕರೆ ಅದನ್ನೇ ಆರಿಸಿ. ಎರಡನೆಯದಕ್ಕೆ ಹೋಗುವ ಮುಂಚೆ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿಢೀರ್ ಬ್ರೇಕ್ ಹಾಕದೆ ಬದುಕುವವರು ಯಾರಿದ್ದಾರೆ ಅಂತ ಒಮ್ಮೆ ಯೋಚಿಸಿ.

ಹಾಗಾದರೆ ಯಾರಿಗೆ ಯಾವುದು

ಒಬ್ಬರೇ ಓಡಿಸುವವರು, ಊರೊಳಗಿನ ಓಡಾಟ, ಬಜೆಟ್ ಬಿಗಿ: ಕೆಳಗಿನ ವೇರಿಯಂಟ್ ತಗೊಳ್ಳಿ. ಕನ್ನಡಿ ಇರುವ ಸ್ಕ್ರೀನ್ ಬಂದರೆ ಸಂತೋಷ, ಬರದಿದ್ದರೆ ಸ್ಟ್ಯಾಂಡ್. ಉಳಿದ ದುಡ್ಡಿಗೆ ಒಳ್ಳೆ ಟೈರ್ ಬರುತ್ತದೆ.

ರಾತ್ರಿ ಪ್ರಯಾಣ ಜಾಸ್ತಿ ಇರುವವರು, ವಯಸ್ಸಾದವರು ಒಂಟಿಯಾಗಿ ಓಡಿಸುವ ಮನೆ, ಎಲೆಕ್ಟ್ರಿಕ್ ಕಾರು: ಇಲ್ಲಿ ಕನೆಕ್ಟೆಡ್ ಸಿಸ್ಟಂ ಕೊಡುವುದು ಕಳೆಯುವುದಕ್ಕಿಂತ ಹೆಚ್ಚು. ತಗೊಳ್ಳಿ. ಆದರೆ ಮ್ಯಾಪ್, ಹಾಡು, ಮೆಸೇಜ್‌ಗೆ ಕಾರಿನ ಸಿಸ್ಟಂ ಬಳಸದೆ ಕನ್ನಡಿಯನ್ನೇ ಬಳಸಿ. ಆಗ ಕಂಪನಿಗೆ ಗಾಡಿ ಎಲ್ಲಿತ್ತು ಅಂತ ಗೊತ್ತಾಗುತ್ತದೆ, ನೀವು ಏನು ಹುಡುಕಿದಿರಿ ಅಂತ ಗೊತ್ತಾಗುವುದಿಲ್ಲ.

ಡ್ರೈವರ್ ಇರುವ ಮನೆ: ಕಾರಿಗೆ ನಿಮ್ಮ ಫೋನನ್ನು ಜೋಡಿಸಲೇಬೇಡಿ. ಹಾಡು ಬೇಕಾದರೆ ಡ್ರೈವರ್ ಫೋನ್, ಕರೆ ಬೇಕಾದರೆ ನಿಮ್ಮ ಇಯರ್‌ಫೋನ್. ಗಾಡಿ ಎಲ್ಲಿದೆ ಅಂತ ನೋಡುವುದಿದ್ದರೆ ಅದನ್ನು ಡ್ರೈವರಿಗೆ ಮೊದಲೇ ಹೇಳಿ. ಅವರಿಗೂ ಖಾಸಗಿತನ ಇದೆ, ಅಲ್ವಾ?

ವಕೀಲರು, ಪತ್ರಕರ್ತರು, ವೈದ್ಯರು, ಅಂದರೆ ಫೋನ್ ಬುಕ್‌ನಲ್ಲಿ ಬೇರೆಯವರ ಗುಟ್ಟು ಇರುವವರು: ಸ್ಟ್ಯಾಂಡ್, ಅಥವಾ ಕಾಂಟ್ಯಾಕ್ಟ್ ಕೊಡದ ಬ್ಲೂಟೂತ್. ಬಾಡಿಗೆ ಕಾರಿನಲ್ಲಿ ಎಲ್ಲರಿಗೂ ಇದೇ ನಿಯಮ. ಚಾರ್ಜ್ ಮಾಡುವಾಗಲೂ ಕಾರಿನ ಯುಎಸ್‌ಬಿ ಬಿಟ್ಟು ಸಾಕೆಟ್ ಚಾರ್ಜರ್ ಬಳಸಿ.

ಕಾನೂನು ಎಷ್ಟು ಕಾಯುತ್ತದೆ

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ನಿಮ್ಮ ಬಗ್ಗೆ ಏನಿದೆ ಅಂತ ಕೇಳುವ, ತಿದ್ದಿಸುವ, ಅಳಿಸಿಸುವ ಹಕ್ಕು ಅದರಲ್ಲಿದೆ. ಮಾಹಿತಿ ಕಾಪಾಡಲು ಸೋತ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. ಆದರೆ ಕಂಪನಿಗಳ ಮೇಲಿನ ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು ನಿಯಮ ಬಂದಾಗಿನಿಂದ 18 ತಿಂಗಳ ಗಡುವು ಇದೆ. ಅಲ್ಲಿಯವರೆಗೆ ‘ಅನುಮತಿಸಿ’ ಬಟನ್ ಮೇಲಿನ ನಿಮ್ಮ ಬೆರಳೇ ನಿಮ್ಮ ಕಾನೂನು.

ಮಾರುವಾಗ, ಕೊಳ್ಳುವಾಗ

ಕಾರು ಮಾರುವ ದಿನ ಎರಡು ಕಡೆ ಅಳಿಸಬೇಕು. ಸ್ಕ್ರೀನ್‌ನ ಸೆಟ್ಟಿಂಗ್‌ಗೆ ಹೋಗಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ಕಾರಿನೊಳಗಿನದು ಹೋಗುತ್ತದೆ. ಕಂಪನಿಯ ಸರ್ವರಿನಲ್ಲಿ ಇರುವುದು ಹೋಗುವುದಿಲ್ಲ. ಅದಕ್ಕೆ ಆ್ಯಪ್‌ನಲ್ಲಿ ಮೊದಲು ಗಾಡಿಯನ್ನು ಖಾತೆಯಿಂದ ತೆಗೆದು, ಆಮೇಲೆ ಖಾತೆ ಅಳಿಸಲು ಮನವಿ ಹಾಕಬೇಕು. ಆ್ಯಪ್ ಅನ್ನು ಫೋನಿನಿಂದ ತೆಗೆದರೆ ಖಾತೆ ಹೋಗುವುದಿಲ್ಲ. ಫಾಸ್ಟ್ಯಾಗನ್ನೂ ಮುಚ್ಚಿಸಿ, ಇಲ್ಲದಿದ್ದರೆ ಹೊಸ ಮಾಲೀಕರ ಟೋಲ್ ಮೆಸೇಜ್ ನಿಮಗೆ ಬರುತ್ತಿರುತ್ತದೆ, ದುಡ್ಡೂ ನಿಮ್ಮದೇ ಹೋಗುತ್ತಿರುತ್ತದೆ.

ಸೆಕೆಂಡ್ ಹ್ಯಾಂಡ್ ಕನೆಕ್ಟೆಡ್ ಕಾರು ಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಹಳೆಯ ಮಾಲೀಕರ ಆ್ಯಪ್‌ನಲ್ಲಿ ಗಾಡಿ ಹಾಗೇ ಇದ್ದರೆ, ನೀವು ಎಲ್ಲಿ ನಿಲ್ಲಿಸಿದಿರಿ ಅಂತ ಅವರಿಗೆ ಕಾಣುತ್ತದೆ. ಕೆಲವು ಕಾರುಗಳ ಬಾಗಿಲನ್ನೂ ಅವರು ಆ್ಯಪ್‌ನಿಂದಲೇ ತೆರೆಯಬಹುದು. ಪೂರ್ತಿ ದುಡ್ಡು ಕೊಡುವ ಮುಂಚೆ ಅವರ ಫೋನಿನಲ್ಲಿ ಗಾಡಿ ತೆಗೆಸಿ, ನಿಮ್ಮ ಫೋನಿನಲ್ಲಿ ಸೇರಿಸಿ, ಆಮೇಲೆ ಅವರ ಆ್ಯಪ್ ಇನ್ನೊಮ್ಮೆ ತೆರೆಸಿ ನೋಡಿ. ಡೀಲರ್ ಮೂಲಕ ಕೊಂಡು ಹಳೆಯ ಮಾಲೀಕರು ಸಿಗದಿದ್ದರೆ, ಆರ್‌ಸಿ ನಿಮ್ಮ ಹೆಸರಿಗೆ ಆದ ಕೂಡಲೇ ಅದರ ಪ್ರತಿ ಹಿಡಿದು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ, ಹಳೆಯ ಖಾತೆಯನ್ನು ಅಲ್ಲಿಂದಲೇ ಬಿಡಿಸಿಕೊಳ್ಳಿ.